293 ಸಣ್ಣ ದೀಪ, 61 ದೊಡ್ಡ ದೀಪ: ಲೋವೆಲ್ ಗಿರಣಿ ಹೆಣ್ಣುಮಕ್ಕಳ ಹತ್ತು ಗಂಟೆಯ ಹೋರಾಟ

ಅಮೆರಿಕದ ಲೋವೆಲ್ ಎಂಬ ಊರಿನ ಬಟ್ಟೆ ಗಿರಣಿಯಲ್ಲಿ ನೇಯುತ್ತಿದ್ದ ಎಲೈಜಾ ಹೆಮಿಂಗ್‌ವೇ ಎಂಬ ಹೆಣ್ಣುಮಗಳು ದೀಪಗಳ ಲೆಕ್ಕ ಇಟ್ಟುಕೊಂಡಿದ್ದರು. ತಾವು ನೇಯುವ ಕೋಣೆಯಲ್ಲಿ ಸಂಜೆಯ ಕೆಲಸಕ್ಕೆ 293 ಸಣ್ಣ ದೀಪ, 61 ದೊಡ್ಡ ದೀಪ ಹಚ್ಚುತ್ತಾರೆ, ಕೆಲವೊಮ್ಮೆ ಬೆಳಗಿನ ಹೊತ್ತೂ ಹಚ್ಚುವುದುಂಟು. ಅದೇ ಕೋಣೆಯಲ್ಲಿ ಸುಮಾರು 130 ಹೆಂಗಸರು, 11 ಗಂಡಸರು, ಹನ್ನೊಂದರಿಂದ ಹದಿನಾಲ್ಕು ವರ್ಷದ 12 ಮಕ್ಕಳು ಕೆಲಸ ಮಾಡುತ್ತಾರೆ. 1845ರ ಫೆಬ್ರವರಿ 13ರಂದು ಬಾಸ್ಟನ್ನಿನಲ್ಲಿ, ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ನಿಂತು ಅವರು ಇಷ್ಟನ್ನೂ ಹೇಳಿದರು. ಕೋಣೆಯ ಗಾಳಿ ಒಳ್ಳೆಯದಲ್ಲ ಎಂದರು. ಕಾಯಿಲೆ ಬಿದ್ದು ಆರು ಮಂದಿ ಹೆಂಗಸರಾದರೂ ಕೆಲಸಕ್ಕೆ ಬಾರದ ದಿನವೇ ಇಲ್ಲ, ಮೂವತ್ತು ಮಂದಿ ಬಾರದೆ ಇದ್ದದ್ದನ್ನೂ ಕಂಡಿದ್ದೇನೆ ಎಂದರು.

ನಾನು ಈ ಪ್ರಕರಣವನ್ನು ಆರಿಸಿಕೊಂಡದ್ದು ಆ ದೀಪಗಳ ಲೆಕ್ಕದಿಂದಾಗಿ. ಮಗ್ಗದ ಸದ್ದಿನಲ್ಲಿ ಪಕ್ಕದವಳ ಮಾತೂ ಕೇಳಿಸದ ಜಾಗದಲ್ಲಿ ನಿಂತು, ಕಣ್ಣು ಎಳೆಯ ಮೇಲಿಟ್ಟು, ನಡುನಡುವೆ ತಲೆಯೆತ್ತಿ ದೀಪ ಎಣಿಸಿದ್ದು ಯಾವಾಗ? ಬರೀ ದಣಿವು ಎಂದರೆ ಯಾರೂ ಕಿವಿಗೊಡುವುದಿಲ್ಲ, ಅಂಕಿ ಕೊಡಬೇಕು ಎಂದು ಅವರಿಗೆ ಗೊತ್ತಿತ್ತು ಎಂದೇ ನನಗನಿಸುತ್ತದೆ. ಮತದಾನದ ಹಕ್ಕಿಲ್ಲದ, ಆಸ್ತಿಯಿಲ್ಲದ, ಬಹುಪಾಲು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು ದಿನದ ದುಡಿಮೆ ಹತ್ತು ಗಂಟೆ ಮೀರಬಾರದೆಂಬ ಅರ್ಜಿಗೆ ಹಾಕಿದ ಬರೀ ಸಹಿಗಳ ಬಲದಿಂದ ಒಂದು ಸರ್ಕಾರಿ ವಿಚಾರಣೆ ನಡೆಯುವಂತೆ ಮಾಡಿದರು. ಕಾರ್ಖಾನೆಯ ದುಡಿಮೆಯ ಬಗ್ಗೆ ಅಮೆರಿಕದ ಯಾವುದೇ ಸರ್ಕಾರ ನಡೆಸಿದ ಮೊದಲ ವಿಚಾರಣೆ ಇದೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ವಿಚಾರಣೆ ಅವರ ದೂರನ್ನು ಒಪ್ಪಿತು, ಪರಿಹಾರವನ್ನು ಮಾತ್ರ ಕೊಡಲಿಲ್ಲ. ಒಪ್ಪಿಕೊಂಡೂ ಹೇಗೆ ಕೈಬಿಟ್ಟರು ಎಂಬುದೇ ಈ ಬರಹದ ಹುರುಳು.

ಅಬ್ಬಿಯ ಪಕ್ಕದ ಊರು

ಬಾಸ್ಟನ್ನಿನ ವ್ಯಾಪಾರಿ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ 1810ರಿಂದ 1812ರವರೆಗೆ ಬ್ರಿಟನ್ನಿನಲ್ಲಿದ್ದರು. ಯಂತ್ರದ ನಕ್ಷೆಗಳನ್ನು ದೇಶದಿಂದ ಹೊರಗೆ ಒಯ್ಯುವುದನ್ನು ಬ್ರಿಟನ್ ನಿಷೇಧಿಸಿದ್ದ ಕಾಲ ಅದು. ಅವರು ಯಂತ್ರಮಗ್ಗದ ರಚನೆಯನ್ನು ನೋಡಿ ನೆನಪಿನಲ್ಲಿಟ್ಟುಕೊಂಡು ಬಂದರು. ಪಾಲ್ ಮೂಡಿ ಎಂಬ ಕುಶಲ ಯಂತ್ರಗಾರನ ಜೊತೆ ಸೇರಿ ವಾಲ್ತಮ್‌ನಲ್ಲಿ, ಹತ್ತಿ ಒಳಗೆ ಹೋದರೆ ಬಟ್ಟೆಯಾಗಿ ಹೊರಗೆ ಬರುವ, ನೂಲುವುದೂ ನೇಯುವುದೂ ಒಂದೇ ಸೂರಿನಡಿ ನಡೆಯುವ ಗಿರಣಿ ಕಟ್ಟಿದರು. 1817ರಲ್ಲಿ ಅವರು ತೀರಿಕೊಂಡರು. ಅವರ ಪಾಲುದಾರರು ಹೆಚ್ಚು ನೀರಿನ ಬಲ ಹುಡುಕುತ್ತಾ ಮೆರಿಮ್ಯಾಕ್ ನದಿಯ ಪಾಟಕೆಟ್ ಅಬ್ಬಿಯ ಹತ್ತಿರ ಬಂದರು. 1823ರಲ್ಲಿ ಅಲ್ಲಿ ಮೊದಲ ಬಟ್ಟೆ ನೇಯ್ದದ್ದಾಯಿತು. 1826ರಲ್ಲಿ ಊರಿಗೆ ತೀರಿಕೊಂಡ ಲೋವೆಲ್ ಅವರ ಹೆಸರಿಟ್ಟರು. 1840ರ ಹೊತ್ತಿಗೆ ಲೋವೆಲ್‌ನ ಜನಸಂಖ್ಯೆ 20,000 ದಾಟಿತ್ತು.

ಗಿರಣಿಗೆ ಆಳುಗಳು ಬೇಕಲ್ಲ. ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ಕಡೆಯ ರೈತರ ಮನೆಗಳಿಂದ ಹೆಣ್ಣುಮಕ್ಕಳನ್ನು ಕರೆತಂದರು. ಕಲ್ಲು ತುಂಬಿದ ಹೊಲ, ತಲೆಯ ಮೇಲೆ ಸಾಲ, ಓದಬೇಕೆಂದಿದ್ದ ಅಣ್ಣ, ಮದುವೆಗೆ ಹೊಂದಿಸಿಕೊಳ್ಳಬೇಕಾದ ಬಟ್ಟೆಬರೆ, ಹೀಗೆ ಹೊರಡಲು ಒಬ್ಬೊಬ್ಬರಿಗೆ ಒಂದೊಂದು ಕಾರಣ. ಕೈಗೆ ನಗದು ಬರುವ ಕೆಲಸ ಹೆಣ್ಣಿಗೆ ಬೇರೆಡೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಇಂಗ್ಲೆಂಡಿನ ಗಿರಣಿ ಊರುಗಳ ದುಸ್ಥಿತಿಯ ಸುದ್ದಿ ಅಮೆರಿಕದ ತಾಯ್ತಂದೆಯರಿಗೂ ಮುಟ್ಟಿತ್ತು. ಅದಕ್ಕೇ ಕಂಪನಿಗಳು ಗಿರಣಿಯ ಎದುರಿಗೇ ಊಟ-ವಸತಿಯ ಮನೆಗಳನ್ನು ಕಟ್ಟಿಸಿ, ಹಲವು ಕಡೆ ವಿಧವೆಯರನ್ನು ಮನೆಯೊಡತಿಯರನ್ನಾಗಿ ಇಟ್ಟವು. ರಾತ್ರಿ ಹತ್ತಕ್ಕೆ ಬಾಗಿಲು ಹಾಕಬೇಕು, ಭಾನುವಾರ ಚರ್ಚಿಗೆ ಹೋಗಬೇಕು. ಒಂದು ವರ್ಷವಾದರೂ ದುಡಿಯಬೇಕು, ಬಿಡುವ ಮುನ್ನ ಎರಡು ವಾರ ಮೊದಲೇ ತಿಳಿಸಬೇಕು. ಹಾಗೆ ಮಾಡದೆ ಹೊರಟರೆ ‘ಗೌರವದ ಬಿಡುಗಡೆ’ಯ ಚೀಟಿ ಸಿಗುವುದಿಲ್ಲ, ಚೀಟಿಯಿಲ್ಲದವಳ ಹೆಸರು ಊರಿನ ಉಳಿದ ಗಿರಣಿಗಳಿಗೂ ಹೋಗುತ್ತದೆ. ತಂದೆಯ ಮನೆಯ ಕಟ್ಟುಪಾಡನ್ನೇ ಕಂಪನಿ ಎರವಲು ಪಡೆದಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಹೆಣ್ಣುಮಕ್ಕಳಿಗೆ ಲೋವೆಲ್ ಬರೀ ಕಷ್ಟದ ಊರಾಗಿರಲಿಲ್ಲ. ಸಂಜೆಯ ಉಪನ್ಯಾಸಗಳಿದ್ದವು, ಓದಲು ಪುಸ್ತಕಗಳು ಸಿಗುತ್ತಿದ್ದವು, 1840ರಿಂದ ಅವರದೇ ಬರಹಗಳ ಪತ್ರಿಕೆಯೂ ಹೊರಬರುತ್ತಿತ್ತು. ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ, ಒಂದು ಹಾಸಿಗೆಯಲ್ಲಿ ಇಬ್ಬರು. ಕಂಪನಿ ಕಾವಲಿಗೆಂದು ಕಟ್ಟಿಸಿದ ಆ ಮನೆಗಳಲ್ಲೇ ಅವರು ಒಬ್ಬರಿಗೊಬ್ಬರು ಆದರು. ಮುಂದೆ ಬಂದದ್ದೆಲ್ಲ ಆ ಊಟದ ಮೇಜುಗಳಿಂದ ಬಂದದ್ದು.

ಎರಡು ಸಲ ಮಗ್ಗ ಬಿಟ್ಟೆದ್ದರು

1834ರ ಫೆಬ್ರವರಿಯಲ್ಲಿ ಕಂಪನಿಗಳು ಕೂಲಿ ಇಳಿಸುವುದಾಗಿ ಹೇಳಿದವು. ಸುಮಾರು 800 ಹೆಂಗಸರು ಕೆಲಸ ಬಿಟ್ಟು ಬೀದಿಗಿಳಿದರು. ಒಬ್ಬಾಕೆ ನೀರಿನ ಪಂಪಿನ ಮೇಲೆ ಹತ್ತಿ ಹೆಣ್ಣಿನ ಹಕ್ಕುಗಳ ಬಗ್ಗೆ ಮಾತಾಡಿದಳೆಂದು ಬಾಸ್ಟನ್ನಿನ ಪತ್ರಿಕೆ ಬರೆಯಿತು. ತಾವು ‘ಸ್ವತಂತ್ರರ ಹೆಣ್ಣುಮಕ್ಕಳು’ ಎಂದು ಅವರು ತಮ್ಮನ್ನು ಕರೆದುಕೊಂಡರು. ಬ್ರಿಟಿಷರ ವಿರುದ್ಧ ಬಂದೂಕು ಹಿಡಿದವರ ಮೊಮ್ಮಕ್ಕಳ ಮಾತು ಅದು. ಕೆಲವೇ ದಿನಗಳಲ್ಲಿ ಮುಷ್ಕರ ಮುರಿಯಿತು, ಕೂಲಿ ಇಳಿಯಿತು.

1836ರ ಅಕ್ಟೋಬರಿನಲ್ಲಿ ಊಟ-ವಸತಿಯ ದರ ಏರಿದಾಗ ಎದ್ದವರು ಇನ್ನೂ ಹೆಚ್ಚು, ಸಾವಿರದೈನೂರಕ್ಕೆ ಕಡಿಮೆಯಿಲ್ಲ. ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹನ್ನೊಂದು ವರ್ಷದ ಹುಡುಗಿ ತನ್ನ ಕೋಣೆಯಲ್ಲಿ ದೊಡ್ಡವರು ಹಿಂದೆಮುಂದೆ ನೋಡುತ್ತಿದ್ದಾಗ, ಯಾರು ಬರಲಿ ಬಿಡಲಿ ನಾನಂತೂ ಹೊರಟೆ ಎಂದು ಬಾಗಿಲಿನತ್ತ ನಡೆದಳು. ಕೋಣೆಯೇ ಅವಳ ಹಿಂದೆ ಹೊರಟಿತು. ಅವಳ ತಾಯಿ ಕಂಪನಿಯ ವಸತಿ ಮನೆಯೊಂದನ್ನು ನಡೆಸುತ್ತಿದ್ದ ವಿಧವೆ. ಮಗಳನ್ನು ತಡೆಯಲಿಲ್ಲವೆಂಬ ಕಾರಣಕ್ಕೆ ತಾಯಿಯ ಕೆಲಸ ಹೋಯಿತು.

ಮರುವರ್ಷದ ಆರ್ಥಿಕ ಕುಸಿತದಿಂದ ಎಲ್ಲರ ಬಾಯಿಯೂ ಕಟ್ಟಿತು. ಅದು ಬಿಡುವ ಹೊತ್ತಿಗೆ ಗಿರಣಿಯ ಒಳಗೇ ಬದಲಾವಣೆ ಆಗಿತ್ತು. ಯಂತ್ರಗಳ ವೇಗ ಏರಿತ್ತು, ಒಬ್ಬಳು ನೋಡಿಕೊಳ್ಳಬೇಕಾದ ಮಗ್ಗಗಳು ಹೆಚ್ಚಿದ್ದವು, ತುಂಡಿನ ಲೆಕ್ಕದ ಕೂಲಿ ಇಳಿದಿತ್ತು. ಹೆಚ್ಚು ಬಟ್ಟೆ ತೆಗೆಸಿದ ಮೇಸ್ತ್ರಿಗೆ ಬಹುಮಾನ. ಹೆಚ್ಚು ನೇಯ್ದರೂ ಮೊದಲಿನಷ್ಟೇ ಗಳಿಕೆ ಎಂದಾದಾಗ ಅವರ ಕಣ್ಣು ಕೂಲಿಯಿಂದ ಹೊತ್ತಿನ ಕಡೆ ಹೊರಳಿತು. ಕೂಲಿಯನ್ನು ಕಂಪನಿ ಯಾವಾಗ ಬೇಕಾದರೂ ಕಡಿಯಬಹುದು. ದಿನಕ್ಕೆ ಹತ್ತೇ ಗಂಟೆ ಎಂದು ಕಾನೂನು ಬರೆದುಬಿಟ್ಟರೆ ಅದನ್ನು ಕಡಿಯಲಾಗದು ಎಂಬುದು ಅವರ ಲೆಕ್ಕ.

ಗಂಟೆಯ ಸದ್ದು

ಆ ದಿನ ಹೇಗಿತ್ತೆಂದು ನೋಡಿ. ನಸುಕಿನ ನಾಲ್ಕೂವರೆಗೆ ಎಬ್ಬಿಸುವ ಗಂಟೆ. ಬೇಸಿಗೆಯಲ್ಲಿ ಬೆಳಗಿನ ಐದಕ್ಕೆ ಕೆಲಸ ಆರಂಭ, ಸಂಜೆ ಏಳಕ್ಕೆ ಮುಗಿತಾಯ. ನಡುವೆ ಬೆಳಗಿನ ತಿಂಡಿಗೆ ಅರ್ಧ ಗಂಟೆ, ಮಧ್ಯಾಹ್ನದ ಊಟಕ್ಕೆ ಮುಕ್ಕಾಲು ಗಂಟೆ. ಈ ಮುಕ್ಕಾಲು ಗಂಟೆಯಲ್ಲಿ ಮಗ್ಗ ಬಿಟ್ಟು, ನೂರಾರು ಜನರ ನಡುವೆ ಮೆಟ್ಟಿಲಿಳಿದು, ಅಂಗಳ ದಾಟಿ, ಬೀದಿ ದಾಟಿ, ವಸತಿ ಮನೆಗೆ ಹೋಗಿ, ಉಂಡು, ಅದೇ ದಾರಿಯಲ್ಲಿ ವಾಪಸು ಬಂದು ಗಂಟೆ ಬಾರಿಸುವುದರೊಳಗೆ ಮಗ್ಗದ ಮುಂದೆ ನಿಂತಿರಬೇಕು. ಗೇಟು ಮುಚ್ಚಿದರೆ ಮುಚ್ಚಿತು. ಬಿಸಿ ತಟ್ಟೆಯ ಮುಂದೆ ಕೂತವಳು ಎಷ್ಟು ತುತ್ತು ನುಂಗಿಯಾಳು?

ಶಾಸನಸಭೆಯ ವರದಿಯಲ್ಲೇ ತಿಂಗಳುವಾರು ಪಟ್ಟಿಯಿದೆ. ಹಗಲು ಚಿಕ್ಕದಾದ ಡಿಸೆಂಬರ್, ಜನವರಿಯಲ್ಲಿ ದಿನದ ದುಡಿಮೆ 11 ಗಂಟೆ 24 ನಿಮಿಷ. ಏಪ್ರಿಲ್‌ನಲ್ಲಿ 13 ಗಂಟೆ 31 ನಿಮಿಷ. ವಾರಕ್ಕೆ ಆರು ದಿನ. ನೂಲು ಒಣಗಿ ಹರಿಯಬಾರದೆಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಒಳಗೆ ಹತ್ತಿಯ ದೂಳು, ಸಂಜೆಯಾದರೆ ಎಣ್ಣೆದೀಪದ ಹೊಗೆ.

1844ರ ಡಿಸೆಂಬರಿನಲ್ಲಿ ಬೆರಳೆಣಿಕೆಯ ಹೆಂಗಸರು ಸೇರಿ ಲೋವೆಲ್ ಮಹಿಳಾ ಕಾರ್ಮಿಕ ಸುಧಾರಣಾ ಸಂಘ ಕಟ್ಟಿದರು. ಅಧ್ಯಕ್ಷೆ ಸಾರಾ ಬ್ಯಾಗ್ಲಿ. ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಡಿಯಾದವರು, ಆಗ ಮೂವತ್ತೆಂಟರ ಹತ್ತಿರದವರು, ಉಳಿದವರಿಗೆ ಅಕ್ಕನಂಥವರು. ‘ಮತ್ತೆ ಪ್ರಯತ್ನಿಸು’ ಎಂಬುದು ಸಂಘದ ಘೋಷಣೆ. ಎರಡು ಮುಷ್ಕರ ಕಂಡ ಊರಿನಲ್ಲಿ ಇಟ್ಟುಕೊಂಡ ಘೋಷಣೆ ಅದು. ಆರು ತಿಂಗಳೊಳಗೆ ಸದಸ್ಯರು ಐನೂರರ ಹತ್ತಿರ ಬಂದರು. ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್, ನ್ಯಾಶುವಾ, ಡೋವರ್ ಮುಂತಾದ ಗಿರಣಿ ಊರುಗಳಲ್ಲೂ ಶಾಖೆಗಳು ಹುಟ್ಟಿದವು. ‘ವಾಯ್ಸ್ ಆಫ್ ಇಂಡಸ್ಟ್ರಿ’ ಎಂಬ ಕಾರ್ಮಿಕ ಪತ್ರಿಕೆ ಫಿಚ್‌ಬರ್ಗ್‌ನಿಂದ ಲೋವೆಲ್‌ಗೆ ಬಂತು, ಮುಂದೆ ಅದರ ಅಚ್ಚುಕೂಟವನ್ನೇ ಸಂಘ ಕೊಂಡಿತು.

ಮೊದಲ ಕೆಲಸ ಸಹಿ ಸಂಗ್ರಹ. ಕಂಪನಿಗಳು ಸರ್ಕಾರದ ಪರವಾನಗಿಯಿಂದ ಹುಟ್ಟಿದವು, ಆದ್ದರಿಂದ ಹತ್ತು ಗಂಟೆಗಿಂತ ಹೆಚ್ಚು ದುಡಿಸದಂತೆ ಅವುಗಳಿಗೆ ಕಾನೂನು ಮಾಡಿ ಎಂಬುದು ಬೇಡಿಕೆ. ಬೇರೆಬೇರೆ ಊರುಗಳ ಅರ್ಜಿಗಳಲ್ಲಿ ಒಟ್ಟು 2,139 ಸಹಿಗಳಾದವು. ಅದರಲ್ಲಿ ಲೋವೆಲ್‌ನವು 1,151, ಅವುಗಳಲ್ಲಿ ಬಹುಪಾಲು ಹೆಂಗಸರದು. ಸಹಿ ಹಾಕುವುದೆಂದರೆ ಕಪ್ಪುಪಟ್ಟಿಗೆ ತಾನೇ ಹೆಸರು ಬರೆದುಕೊಟ್ಟ ಹಾಗೆ ಎಂಬುದು ನೆನಪಿರಲಿ.

ಸಮಿತಿಯ ಅಧ್ಯಕ್ಷ ವಿಲಿಯಂ ಶೂಲರ್. ಲೋವೆಲ್‌ನ ಪ್ರತಿನಿಧಿ, ಅಲ್ಲಿನ ಪತ್ರಿಕೆಯೊಂದರ ಒಡೆಯ, ಕಂಪನಿಗಳ ಪರ. ಅರ್ಜಿದಾರರಲ್ಲಿ ಹೆಂಗಸರೇ ಹೆಚ್ಚು, ಆದ್ದರಿಂದ ಅವರೇ ಬಂದು ವಾದ ಹೇಳಬೇಕು, ಇಲ್ಲದಿದ್ದರೆ ಅರ್ಜಿಯನ್ನು ಬದಿಗಿಡಬೇಕಾಗುತ್ತದೆ ಎಂದು ಅವನು ಪತ್ರ ಬರೆದ. ಗಂಡಸರು ಕೂತ ಸಭೆಯಲ್ಲಿ ಹೆಣ್ಣು ಮಾತಾಡುವುದು ಮರ್ಯಾದೆಗೇಡು ಎಂಬ ಕಾಲ. ಆ ಶಾಸನಸಭೆಯ ಸಮಿತಿಯೊಂದರ ಮುಂದೆ ಹೆಣ್ಣೊಬ್ಬಳು ಮೊದಲ ಬಾರಿ ಮಾತಾಡಿ ಆಗಿನ್ನೂ ಏಳು ವರ್ಷವಾಗಿತ್ತು. ಗುಲಾಮಗಿರಿಯ ವಿರುದ್ಧ ಮಾತಾಡಿದ ಏಂಜಲಿನಾ ಗ್ರಿಮ್ಕೆ ಆಕೆ. ಈ ಷರತ್ತು ಕೇಳಿದರೆ ಗಿರಣಿಯವರು ಹಿಂದೆ ಸರಿಯುತ್ತಾರೆಂದು ಶೂಲರ್ ಎಣಿಸಿದ್ದ ಎಂದೇ ನನ್ನ ಓದು. ಅವರು ಬಂದರು.

ಹೆಮಿಂಗ್‌ವೇ ತಮ್ಮ ದೀಪಗಳ ಲೆಕ್ಕ ಕೊಟ್ಟರು. ಕೂಲಿ ಎಷ್ಟೇ ಆಗಲಿ, ಹತ್ತೇ ಗಂಟೆ ದುಡಿಯಬೇಕೆಂಬ ಆಸೆ ಹೆಂಗಸರಲ್ಲಿ ಸಾಮಾನ್ಯವಾಗಿದೆ ಎಂದರು. ಬ್ಯಾಗ್ಲಿ ಎಂಟೂವರೆ ವರ್ಷದ ಅನುಭವ ಹೇಳಿದರು. ಅವರ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕೇಡು ಊಟದ ಹೊತ್ತಿನ ಕೊರತೆ, ಎರಡನೆಯದು ಮನಸ್ಸನ್ನು ಬೆಳೆಸಿಕೊಳ್ಳಲು ಬಿಡುವಿಲ್ಲದಿರುವುದು. ಹಗಲೆಲ್ಲ ನೇಯ್ದು, ನಾಲ್ಕು ವರ್ಷ ಚಳಿಗಾಲದ ರಾತ್ರಿಗಳಲ್ಲಿ ಅವರು ಸಂಜೆಶಾಲೆಯನ್ನೂ ನಡೆಸಿದ್ದರು. ಜುಡಿತ್ ಪೇಯ್ನ್ ಎಂಬವರು ಹದಿನಾರು ವರ್ಷದ ಹಿಂದೆ ಲೋವೆಲ್‌ಗೆ ಬಂದು, ಒಂದೂವರೆ ವರ್ಷಕ್ಕೇ ಆರೋಗ್ಯ ಕೆಟ್ಟು ಏಳು ವರ್ಷಕ್ಕೂ ಮಿಕ್ಕಿ ಗಿರಣಿಯಿಂದ ಹೊರಗಿದ್ದವರು. ವಾಪಸು ಬಂದ ಮೇಲಿನ ಏಳು ವರ್ಷಗಳಲ್ಲೂ ಹೆಚ್ಚುಕಡಿಮೆ ಒಂದು ವರ್ಷ ಕಾಯಿಲೆಗೇ ಹೋಗಿತ್ತು.

ಕಿಟಕಿಯ ಗಿಡಗಳು

ಮಾರ್ಚ್ 1ರ ಶನಿವಾರ ಸಮಿತಿಯ ಕೆಲವರು ಲೋವೆಲ್‌ಗೆ ಹೋಗಿ ಗಿರಣಿಗಳನ್ನು ನೋಡಿಕೊಂಡು ಬಂದರು. ಕೋಣೆಗಳು ದೊಡ್ಡವಿದ್ದವು, ಬೆಳಕು ಚೆನ್ನಾಗಿತ್ತು, ಸೆಕೆಯಿರಲಿಲ್ಲ, ಕಿಟಕಿಗಳ ಮೇಲೆ ಜೆರೇನಿಯಂ, ಗುಲಾಬಿ, ಬಗೆಬಗೆಯ ಪಾಪಾಸುಕಳ್ಳಿಯ ಗಿಡಗಳಿದ್ದವು ಎಂದು ವರದಿಯಲ್ಲಿ ಬರೆದರು. ತಮ್ಮ ಸಲಹೆಯಿಂದಾಗಲಿ ಶಾಸನಸಭೆಯ ಕಾಯ್ದೆಯಿಂದಾಗಲಿ ಅಲ್ಲಿನ ಶಿಸ್ತು-ಅಚ್ಚುಕಟ್ಟುತನ ಇನ್ನಷ್ಟು ಸುಧಾರಿಸುವಂತಿಲ್ಲ ಎಂದು ಪೂರ್ತಿ ಮನವರಿಕೆಯಾಯಿತಂತೆ.

ಹೂಗಿಡಗಳು ಸುಳ್ಳಲ್ಲ. ಅವನ್ನು ಇಟ್ಟು ನೀರೆರೆದವರೂ ಆ ಹೆಂಗಸರೇ ಇರಬೇಕು. ಆದರೆ ಸಾಕ್ಷಿ ಹೇಳಿದ್ದು ಕತ್ತಲಾದ ಮೇಲಿನ ಕೋಣೆಯ ಬಗ್ಗೆ, ವರದಿ ಹೊಗಳಿದ್ದು ಬೆಳಕು ತುಂಬಿದ ಕೋಣೆಯನ್ನು. 354 ದೀಪಗಳನ್ನು ಸಮಿತಿ ತನ್ನ ವರದಿಯಲ್ಲೇ ಅಚ್ಚು ಹಾಕಿತು, ಅದೇ ವರದಿಯಲ್ಲಿ ಗಿಡಗಳನ್ನೂ ಅಚ್ಚು ಹಾಕಿತು. ಎರಡನ್ನೂ ಎದುರುಬದುರು ಇಟ್ಟು ನೋಡುವ ಕೆಲಸ ಮಾಡಲಿಲ್ಲ.

ವರದಿಯ ತೀರ್ಮಾನವನ್ನು ನಿಧಾನವಾಗಿ ಓದಬೇಕು. ಕಂಪನಿಗಳನ್ನು ನಿಯಂತ್ರಿಸುವ ಅಧಿಕಾರ ತಮಗೆ ಇಲ್ಲವೆಂದು ಸಮಿತಿ ಹೇಳಲಿಲ್ಲ, ಇದೆ ಎಂದೇ ಹೇಳಿತು. ದುಡಿಮೆಯ ಗಂಟೆ ಕಡಿಮೆಯಾದರೆ, ಊಟಕ್ಕೆ ಹೆಚ್ಚು ಹೊತ್ತು ಸಿಕ್ಕರೆ, ಗಾಳಿಯ ಬಗ್ಗೆ ಹೆಚ್ಚು ಗಮನ ಕೊಟ್ಟರೆ ಒಳ್ಳೆಯದು ಎಂದೂ ಒಪ್ಪಿತು. ಒಪ್ಪಿದ ಮರುಗಳಿಗೆಯಲ್ಲೇ ‘ಪರಿಹಾರ ನಮ್ಮ ಕೈಯಲ್ಲಿಲ್ಲ’ ಎಂದಿತು. ಕಾನೂನು ಮಾಡಿದರೆ ಎಲ್ಲ ಬಗೆಯ ದುಡಿಮೆಗೂ ಮಾಡಬೇಕಾದೀತು, ನೆರೆಯ ರಾಜ್ಯಗಳ ಪೈಪೋಟಿಯಲ್ಲಿ ಮ್ಯಾಸಚೂಸೆಟ್ಸ್ ಸೋತೀತು, ಗಂಟೆ ಇಳಿದರೆ ಕೂಲಿಯ ಪ್ರಶ್ನೆ ಏಳುತ್ತದೆ, ಇಲ್ಲಿನ ಕಾರ್ಮಿಕರು ತಮ್ಮ ವ್ಯವಹಾರವನ್ನು ತಾವೇ ಕುದುರಿಸಿಕೊಳ್ಳುವಷ್ಟು ಬುದ್ಧಿವಂತರು ಎಂಬ ಕಾರಣಗಳನ್ನು ಕೊಟ್ಟಿತು. ಮತ್ತೆ ಪರಿಹಾರವೆಲ್ಲಿ? ಕಲೆ-ವಿಜ್ಞಾನಗಳ ಏಳಿಗೆಯಲ್ಲಿ, ಹಣದ ಮೇಲಿನ ಪ್ರೀತಿ ಕಡಿಮೆಯಾಗುವುದರಲ್ಲಿ.

ಕೊನೆಯ ಕಾರಣ ನನ್ನನ್ನು ಹೆಚ್ಚು ನೋಯಿಸುತ್ತದೆ. ಅದರಲ್ಲಿ ಹೊಗಳಿಕೆಯೂ ಇದೆ. ನೀವು ಓದುಬರಹ ಬಲ್ಲವರು, ಸ್ವಾಭಿಮಾನಿಗಳು, ನಿಮಗೇಕೆ ಕಾನೂನಿನ ಊರುಗೋಲು? ಇಡೀ ಊರಿನ ಗಿರಣಿಗಳು ಒಂದೇ ನಿಯಮ, ಒಂದೇ ಗಂಟೆ, ಒಂದೇ ಕಪ್ಪುಪಟ್ಟಿ ಇಟ್ಟುಕೊಂಡಿರುವಾಗ ಒಬ್ಬೊಂಟಿ ಹುಡುಗಿ ಯಾರ ಬಳಿ ಕುದುರಿಸಬೇಕು? ಈ ಬಾಗಿಲಿನಲ್ಲಿ ಆಗದಿದ್ದರೆ ಮುಂದಿನ ಬಾಗಿಲಿಗೆ ಹೋಗೋಣ ಎನ್ನಲು ಮುಂದಿನ ಬಾಗಿಲೂ ಅದೇ ಕೀಲಿಯದು.

ವಿಚಾರಣೆಯ ನಂತರ

ಮತವಿಲ್ಲದ ಹೆಂಗಸರು ಶೂಲರ್‌ನನ್ನು ಸುಮ್ಮನೆ ಬಿಡಲಿಲ್ಲ. ಅವನನ್ನು ಊರಿನಲ್ಲೇ ಇರಿಸಿಕೊಳ್ಳೋಣ, ಬಾಸ್ಟನ್ನಿಗೆ ಕಳುಹಿಸುವುದು ಬೇಡ ಎಂದು ಸಂಘ ನಿರ್ಣಯ ಮಾಡಿ ಪ್ರಚಾರಕ್ಕಿಳಿಯಿತು. ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ಅವನು ಸೋತ. ಸಂಘ ಮತದಾರರಿಗೆ ಕೃತಜ್ಞತೆಯ ನಿರ್ಣಯವನ್ನೂ ಮಾಡಿತು. 1846ರಲ್ಲಿ ರಾಜ್ಯದ ಅರ್ಜಿಗಳ ಸಹಿಗಳು ಹತ್ತು ಸಾವಿರ ತಲುಪಿದವು. ಲೋವೆಲ್‌ನ ಅರ್ಜಿಯೊಂದೇ 130 ಅಡಿ ಉದ್ದವಿತ್ತು. ಶಾಸನಸಭೆ ಮತ್ತೆ ಇಲ್ಲವೆಂದಿತು.

ಅದೇ ವರ್ಷ ನಡೆದ ಇನ್ನೊಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮ್ಯಾಸಚೂಸೆಟ್ಸ್ ಕಾರ್ಪೊರೇಷನ್ ಎಂಬ ಗಿರಣಿ, ನೇಕಾರರು ಮೂರರ ಬದಲು ನಾಲ್ಕು ಮಗ್ಗ ನೋಡಿಕೊಳ್ಳಬೇಕು, ತುಂಡಿಗೆ ಒಂದು ಸೆಂಟು ಕೂಲಿ ಕಡಿಮೆ ಎಂದು ಆದೇಶಿಸಿತು. ಹೆಂಗಸರು ಸಭೆ ಸೇರಿ, ಕೂಲಿ ಇಳಿಸಿದರೆ ನಾಲ್ಕನೆಯ ಮಗ್ಗ ಮುಟ್ಟುವುದಿಲ್ಲ ಎಂಬ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ಮಾತು ಮುರಿದವಳ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವುದೆಂದೂ ಒಪ್ಪಿದರು. ಹೆಚ್ಚುಕಡಿಮೆ ಎಲ್ಲ ನೇಕಾರರೂ ಸಹಿ ಹಾಕಿದರು, ಕಂಪನಿ ಆದೇಶ ಹಿಂತೆಗೆದುಕೊಂಡಿತು. ಬೀದಿಗೆ ಇಳಿಯಲಿಲ್ಲ, ಬಾಸ್ಟನ್ನಿಗೆ ಹೋಗಲಿಲ್ಲ. 1834ರಲ್ಲಿ ಸಿಗದ ಗೆಲುವು ಸಿಕ್ಕಿತು. ಕಂಪನಿಯ ಕಪ್ಪುಪಟ್ಟಿಗೆ ಎದುರಾಗಿ ಅವರ ಬಳಿಯೂ ಈಗ ಒಂದು ಪಟ್ಟಿ, ಅದನ್ನು ಅಚ್ಚು ಹಾಕಲು ಒಂದು ಪತ್ರಿಕೆ ಇದ್ದದ್ದೇ ಇದಕ್ಕೆ ಕಾರಣ.

ಹಾಗಿದ್ದೂ ಹತ್ತು ಗಂಟೆ ಏಕೆ ಸಿಗಲಿಲ್ಲ? ಕಂಪನಿಗಳ ಹಣಬಲ ಕಣ್ಣಿಗೆ ಕಾಣುವ ಕಾರಣ. ನನಗೆ ಹೆಚ್ಚು ತೂಕದ್ದೆನಿಸುವುದು ಆ ಹೆಣ್ಣುಮಕ್ಕಳು ಅಲ್ಲಿ ಬೇರುಬಿಡದಿದ್ದುದು. ಕೆಲವು ವರ್ಷ ದುಡಿದು ಮದುವೆಗೋ ಊರಿಗೋ ಹೊರಡುವವರನ್ನೇ ಹುಡುಕಿ ತಂದಿದ್ದರು. ಹೋರಾಟ ಕಲಿತವರು ಹೋಗುತ್ತಿದ್ದರು, ಕಲಿಯದವರು ಬರುತ್ತಿದ್ದರು. ಬ್ಯಾಗ್ಲಿಯವರೂ ಗಿರಣಿ ಬಿಟ್ಟು 1846ರಲ್ಲಿ ಲೋವೆಲ್‌ನ ತಂತಿ ಕಚೇರಿಗೆ ಸೇರಿ, ದೇಶದ ಮೊದಲ ಮಹಿಳಾ ಟೆಲಿಗ್ರಾಫ್ ನಿರ್ವಾಹಕರಲ್ಲಿ ಒಬ್ಬರಾದರು. ಸಂಘ ಬೇರೆ ಹೆಸರಿನಲ್ಲಿ ಸ್ವಲ್ಪ ಕಾಲ ಉಳಿದು ನಿಂತುಹೋಯಿತು. ಅಷ್ಟರಲ್ಲಿ ಐರ್ಲೆಂಡಿನ ಬರಗಾಲದಿಂದ ಓಡಿಬಂದವರು ಗಿರಣಿಯ ಬಾಗಿಲಿಗೆ ಬಂದಿದ್ದರು. ಹಿಂದಿರುಗಲು ಅವರಿಗೆ ತಂದೆಯ ಹೊಲವಿರಲಿಲ್ಲ.

ಇನ್ನೊಂದು ಮಾತನ್ನು ಬಿಟ್ಟರೆ ಪ್ರಕರಣ ಅರ್ಧವಾಗುತ್ತದೆ. 1836ರ ಮೆರವಣಿಗೆಯಲ್ಲಿ ‘ನಾನು ಗುಲಾಮಳಾಗಲಾರೆ’ ಎಂದು ಹಾಡಿದವರ ಕೈಗಳು ನೂತ ಹತ್ತಿಯನ್ನು ಬೆಳೆದವರು ದಕ್ಷಿಣದ ನಿಜವಾದ ಗುಲಾಮರು. ಲೋವೆಲ್‌ನಲ್ಲಿ ನೇಯ್ದ ಒರಟು ಬಟ್ಟೆ ಅವರ ಮೈಮೇಲೆಯೇ ವಾಪಸು ಹೋಗುತ್ತಿತ್ತು, ಆ ಬಟ್ಟೆಯನ್ನು ಅವರು ‘ಲೋವೆಲ್’ ಎಂದೇ ಕರೆಯುತ್ತಿದ್ದರು. ಗಿರಣಿಯ ಹೆಂಗಸರಲ್ಲಿ ಹಲವರು ಗುಲಾಮಗಿರಿಯ ವಿರುದ್ಧದ ಅರ್ಜಿಗಳಿಗೂ ಸಹಿ ಹಾಕಿದರು. ಅವರ ಕೂಲಿಯಂತೂ ಅದೇ ಹತ್ತಿಯಿಂದಲೇ ಹುಟ್ಟುತ್ತಿತ್ತು.

1847ರಲ್ಲಿ ನೆರೆಯ ನ್ಯೂ ಹ್ಯಾಂಪ್‌ಶೈರ್ ದೇಶದ ಮೊದಲ ಹತ್ತು ಗಂಟೆಯ ಕಾನೂನು ತಂದಿತು. ಅದರೊಳಗೆ ಒಂದು ಕಂಡಿ ಇತ್ತು: ಕೆಲಸಗಾರ ಬೇರೆ ಕರಾರು ಮಾಡಿಕೊಂಡಿದ್ದರೆ ಹತ್ತು ಗಂಟೆ ಲಾಗೂ ಇಲ್ಲ. ಕಾನೂನು ಜಾರಿಯಾಗುವ ಮೊದಲೇ ಕಂಪನಿಗಳು ಕರಾರುಪತ್ರ ಹಿಡಿದು ಬಂದವು. ಸಹಿ ಹಾಕದವರಿಗೆ ಕೆಲಸವಿಲ್ಲ. ಲೋವೆಲ್‌ನಲ್ಲಿ ಅದೇ ವರ್ಷ ಊಟದ ಬಿಡುವಿಗೆ ಹದಿನೈದು ನಿಮಿಷ ಸೇರಿತು. 1853ರಲ್ಲಿ ದಿನ ಹನ್ನೊಂದು ಗಂಟೆಗೆ ಇಳಿಯಿತು. ಮ್ಯಾಸಚೂಸೆಟ್ಸ್ ಶಾಸನಸಭೆ ಹೆಂಗಸರಿಗೂ ಮಕ್ಕಳಿಗೂ ವಾರಕ್ಕೆ ಅರವತ್ತು ಗಂಟೆಯ ಮಿತಿ ಹಾಕಿದ್ದು 1874ರಲ್ಲಿ, ಹೆಮಿಂಗ್‌ವೇ ಸಾಕ್ಷಿ ಹೇಳಿ 29 ವರ್ಷದ ಮೇಲೆ. ‘ಬೇಕೆಂದೇ’ ಹೆಚ್ಚು ದುಡಿಸಿದ ಮಾಲೀಕನಿಗೆ ಮಾತ್ರ ದಂಡ ಎಂದು ಅದರಲ್ಲಿ ಬರೆದಿತ್ತು. ಆ ಒಂದು ಪದವನ್ನು ಕಾನೂನಿನಿಂದ ತೆಗೆಸಲು ಇನ್ನೂ ಐದು ವರ್ಷ ಹಿಡಿಯಿತು.